ಹೆತ್ತವರ ಸಹಿ, ಮಗುವಿನ ಹಕ್ಕು



ಬೇಸಿಗೆಯ ಕ್ರೀಡೋತ್ಸವಕ್ಕೆ ಮಕ್ಕಳ ಹೆಸರನ್ನು ನೋಂದಾಯಿಸುವಾಗ ಅರ್ಜಿಯ ಕೊನೆಯಲ್ಲಿ ಸಣ್ಣ ಅಕ್ಷರಗಳ ಒಂದು ಪರಿಚ್ಛೇದವಿರುತ್ತದೆ. ಆಟದಲ್ಲಿ ಮಗುವಿಗೆ ಪೆಟ್ಟಾದರೆ, ಅದು ಸಂಘಟಕರ ನಿರ್ಲಕ್ಷ್ಯದಿಂದಲೇ ಆಗಿದ್ದರೂ, ಪರಿಹಾರ ಕೇಳುವ ಹಕ್ಕನ್ನು ಬಿಟ್ಟುಕೊಡುತ್ತೇವೆ ಎಂಬುದು ಅದರ ತಾತ್ಪರ್ಯ. ಇಲ್ಲಿ ಎಲ್ಲರೂ ಅದನ್ನು ವೇವರ್ ಎನ್ನುತ್ತಾರೆ. ನಾವು ಹೊಣೆಮುಕ್ತಿ ಪತ್ರ ಎನ್ನಬಹುದು. ಪ್ರಥಮ ಚಿಕಿತ್ಸೆಯ ಮೇಜಿನ ಬಳಿ ಕುಳಿತಿರುವ ವೈದ್ಯನೆಂಬ ಕಾರಣಕ್ಕೆ ಈ ಪತ್ರದ ಬಗ್ಗೆಯೂ ನನ್ನನ್ನೇ ಕೇಳುವವರಿದ್ದಾರೆ. "ಡಾಕ್ಟ್ರೇ, ಇದು ಬರೀ ಶಾಸ್ತ್ರಕ್ಕೆ ತಾನೇ?" ಎಂದು ಕೆಲವರು. "ಒಮ್ಮೆ ಸಹಿ ಹಾಕಿದ ಮೇಲೆ ಮುಗಿಯಿತು, ಇನ್ನೇನೂ ಕೇಳುವ ಹಾಗಿಲ್ಲ" ಎಂದು ಇನ್ನು ಕೆಲವರು. ನಮ್ಮ ಒಹಾಯೊ ರಾಜ್ಯದ ಮಟ್ಟಿಗೆ ಮೊದಲಿನವರ ಮಾತು ತಪ್ಪು. ಎರಡನೆಯವರ ಮಾತು ಅರ್ಧ ಸರಿ. ಅದು ಹೀಗೇಕೆ ಎಂಬುದನ್ನು ತಿಳಿಯಲು ಸ್ವಲ್ಪ ಇತಿಹಾಸವನ್ನು ನೋಡಬೇಕು. ನಾನು ವಕೀಲನಲ್ಲ, ಇದು ಕಾನೂನು ಸಲಹೆಯೂ ಅಲ್ಲ. ಆದರೆ ಈ ಇತಿಹಾಸ ಆರಂಭವಾಗುವುದು ಆಟದ ಮೈದಾನದಲ್ಲಲ್ಲ, ಆಸ್ಪತ್ರೆಯಲ್ಲಿ. ಆದುದರಿಂದ ವೈದ್ಯನೊಬ್ಬನು ಅದನ್ನು ಹೇಳಲು ಹೊರಟರೆ ತೀರ ಅಧಿಕಪ್ರಸಂಗವಾಗಲಾರದು.

ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಗೆ ತೊಡೆಯ ಮೂಳೆ ಮುರಿದುಕೊಂಡ ಬಡ ರೋಗಿಯೊಬ್ಬ ಬಂದ. ಮೂಳೆಯನ್ನು ಸರಿಯಾಗಿ ಕೂಡಿಸಲಿಲ್ಲ ಎಂದು ಆತ ಮುಂದೆ ಆಸ್ಪತ್ರೆಯ ವಿರುದ್ಧ ದಾವೆ ಹೂಡಿದ. 1876ರಲ್ಲಿ ಆ ರಾಜ್ಯದ ಉನ್ನತ ನ್ಯಾಯಾಲಯವು ಆತನ ದಾವೆಯನ್ನು ಒಪ್ಪಲಿಲ್ಲ. ಆಸ್ಪತ್ರೆಯು ಧರ್ಮಾರ್ಥ ಸಂಸ್ಥೆ. ದಾನಿಗಳು ಕೊಟ್ಟ ಹಣವನ್ನು ಪರಿಹಾರಕ್ಕಾಗಿ ತೆಗೆಯಲಾಗದು ಎಂಬುದು ಅದರ ನಿಲುವು. ಈ ನಿಲುವಿಗೆ ಆಧಾರವಾಗಿದ್ದುದು 1846ರ ಒಂದು ಬ್ರಿಟಿಷ್ ತೀರ್ಪು. ವಿಚಿತ್ರವೆಂದರೆ ಅಷ್ಟು ಹೊತ್ತಿಗೆ ಇಂಗ್ಲೆಂಡೇ ಆ ತತ್ತ್ವವನ್ನು ಕೈಬಿಟ್ಟಿತ್ತು. ತಾಯ್ನಾಡಿನಲ್ಲಿ ಸತ್ತುಹೋದ ಪದ್ಧತಿಯನ್ನು ಹೊರನಾಡಿನಲ್ಲಿ ಭಕ್ತಿಯಿಂದ ಪಾಲಿಸುವುದು ವಲಸಿಗರಾದ ನಮಗೆ ಹೊಸದೇನಲ್ಲ! ಅಂತೂ ಆಸ್ಪತ್ರೆ, ಅನಾಥಾಲಯ, ಚರ್ಚು, ಬಾಲಕರ ಕ್ಲಬ್ಬು ಮುಂತಾದ ಸಂಸ್ಥೆಗಳು ಹಲವು ದಶಕಗಳ ಕಾಲ ಈ 'ಧರ್ಮಾರ್ಥ ರಕ್ಷಣೆ'ಯ ನೆರಳಿನಲ್ಲಿ ನಡೆದವು. ಆಗ ಅವುಗಳಿಗೆ ಯಾರ ಸಹಿಯೂ ಬೇಕಿರಲಿಲ್ಲ. ಕಾನೂನೇ ಅವುಗಳ ಹೊಣೆಮುಕ್ತಿ ಪತ್ರವಾಗಿತ್ತು.

ಆ ಗೋಡೆಯನ್ನು ಮೊದಲು ಬಲವಾಗಿ ಅಲುಗಾಡಿಸಿದ್ದು 1942ರ ಜಾರ್ಜ್‌ಟೌನ್ ಮೊಕದ್ದಮೆ. ವಾಷಿಂಗ್ಟನ್ ನಗರದ ಆಸ್ಪತ್ರೆಯೊಂದರಲ್ಲಿ ತೂಗುಬಾಗಿಲು ಬಡಿದು ಗಾಯಗೊಂಡ ದಾದಿಯೊಬ್ಬರು ಹೂಡಿದ ದಾವೆ ಅದು. ಮರುವರ್ಷ ಅಮೆರಿಕದ ಸರ್ವೋಚ್ಚ ನ್ಯಾಯಾಲಯಕ್ಕೆ ನೇಮಕಗೊಂಡ ನ್ಯಾಯಮೂರ್ತಿ ರಟ್ಲೆಜ್ ಅದರ ತೀರ್ಪು ಬರೆದರು. ದಾನ ಮಾಡುವವರು ಇತರರ ಮೈಗೆ ಗಾಯ ಮಾಡಿ ಅದರ ಭಾರವನ್ನು ಗಾಯಗೊಂಡವರ ಮೇಲೆಯೇ ಬಿಡುವುದು ನ್ಯಾಯವಲ್ಲ, ಸಂಸ್ಥೆಗಳಿಗೆ ವಿಮೆ ಎಂಬ ಉಪಾಯವಿದೆ ಎಂಬುದು ಅವರ ವಾದದ ಸಾರ. ರಾಜ್ಯಗಳು ಒಂದೊಂದಾಗಿ ಅದೇ ದಾರಿ ಹಿಡಿದವು. ಒಹಾಯೊ 1956ರಲ್ಲಿ ಆಸ್ಪತ್ರೆಗಳ ಮಟ್ಟಿಗೆ ಈ ರಕ್ಷಣೆಯನ್ನು ತೆಗೆದುಹಾಕಿತು. 1984ರಲ್ಲಿ ಉಳಿದ ಧರ್ಮಾರ್ಥ ಸಂಸ್ಥೆಗಳಿಗೂ ತೆಗೆದುಹಾಕಿತು. ಈ 1984 ಎಂಬ ವರ್ಷವನ್ನು ಓದುಗರು ನೆನಪಿನಲ್ಲಿಡಬೇಕು.

ಕಾನೂನು ಕೊಡುತ್ತಿದ್ದ ರಕ್ಷಣೆ ಹೋದ ಮೇಲೆ ಅದನ್ನು ಸಹಿಯ ಮೂಲಕ ಮರಳಿ ಪಡೆಯುವ ಯತ್ನ ಸಹಜವಾಗಿಯೇ ಹುಟ್ಟಿತು. 1956ರಲ್ಲಿ ಲಾಸ್ ಏಂಜಲೀಸಿನ ವಿಶ್ವವಿದ್ಯಾಲಯದ ಆಸ್ಪತ್ರೆಗೆ ಟಂಕಲ್ ಎಂಬ ರೋಗಿ ದಾಖಲಾದಾಗ ಆತನ ಮುಂದೆ ಒಂದು ಪತ್ರವನ್ನಿಟ್ಟರು. ಇದು ಲಾಭರಹಿತ ಸಂಸ್ಥೆ. ಆದ್ದರಿಂದ ಸಿಬ್ಬಂದಿಯ ನಿರ್ಲಕ್ಷ್ಯಕ್ಕೆ ಆಸ್ಪತ್ರೆಯನ್ನು ಹೊಣೆಯಾಗಿಸುವುದಿಲ್ಲ ಎಂದು ಅದರಲ್ಲಿತ್ತು. ಸಹಿ ಹಾಕುವಾಗ ಆತ ತೀವ್ರ ನೋವಿನಲ್ಲಿದ್ದ, ಓದುವ ಸ್ಥಿತಿಯಲ್ಲಿರಲಿಲ್ಲ ಎಂಬುದು ಆತನ ಕಡೆಯವರ ವಾದ. ಮೊಕದ್ದಮೆ ನಡೆಯುತ್ತಿದ್ದಂತೆ ಆತ ತೀರಿಕೊಂಡ. ಪತ್ನಿ ಅದನ್ನು ಮುಂದುವರಿಸಿದರು. 1963ರಲ್ಲಿ ಕ್ಯಾಲಿಫೋರ್ನಿಯದ ಸರ್ವೋಚ್ಚ ನ್ಯಾಯಾಲಯವು ಆ ಪತ್ರ ಊರ್ಜಿತವಲ್ಲ ಎಂದಿತು. ಸಾರ್ವಜನಿಕರಿಗೆ ಅತ್ಯಗತ್ಯವಾದ ಸೇವೆ, ಚೌಕಾಸಿಗೆ ಅವಕಾಶವಿಲ್ಲದ ಅಚ್ಚಾದ ಷರತ್ತು, ಸೇವೆ ನೀಡುವವರ ಹಿಡಿತದಲ್ಲಿ ಪೂರ್ತಿಯಾಗಿ ಸಿಕ್ಕಿರುವ ದೇಹ: ಹೀಗೆ ಆರು ಲಕ್ಷಣಗಳನ್ನು ನ್ಯಾಯಾಲಯ ಎತ್ತಿ ಹೇಳಿತು. ಇಂಥ ಕಡೆ ಹೊಣೆಮುಕ್ತಿ ಪತ್ರ ನಡೆಯದು ಎಂಬ ಸೂತ್ರ ಇಂದಿಗೂ ಅನೇಕ ರಾಜ್ಯಗಳಲ್ಲಿ ಮಾನ್ಯವಾಗಿದೆ.

ಅದೇ ಕ್ಯಾಲಿಫೋರ್ನಿಯದಲ್ಲಿ ಅದಕ್ಕೆ ಆರು ವರ್ಷ ಮೊದಲು, 1957ರಲ್ಲಿ, ಇನ್ನೊಂದು ನ್ಯಾಯಾಲಯವು ರೋಗಿಗೆ ಚಿಕಿತ್ಸೆಯ ಅಪಾಯಗಳನ್ನು ತಿಳಿಸಿ ಒಪ್ಪಿಗೆ ಪಡೆಯುವುದು ವೈದ್ಯರ ಕರ್ತವ್ಯವೆಂದು ಹೇಳಿ, 'ಅರಿತು ನೀಡುವ ಒಪ್ಪಿಗೆ' ಎಂಬ ಪರಿಕಲ್ಪನೆಗೆ ಹೆಸರು ಕೊಟ್ಟಿತ್ತು. ಎಂದರೆ ಒಂದೇ ದಶಕದೊಳಗೆ ಆಸ್ಪತ್ರೆಯ ಸಹಿ ಕವಲೊಡೆಯಿತು. ತಿಳಿಸಿ ಪಡೆಯುವ ಸಹಿ ಕಡ್ಡಾಯವಾಯಿತು. ಹಕ್ಕನ್ನು ಕಸಿಯುವ ಸಹಿ ಅನೂರ್ಜಿತವಾಯಿತು. ನಮ್ಮೂರುಗಳಲ್ಲಿ ಇವೆರಡರ ಭೇದವನ್ನು ಯಾರೂ ನಮಗೆ ತಿಳಿಸಿ ಹೇಳಲಿಲ್ಲ. ಹೌಸ್ ಸರ್ಜನ್ ಆಗಿದ್ದಾಗ ಶಸ್ತ್ರಚಿಕಿತ್ಸೆಗೆ ಮುನ್ನ "ಏನಾದರೂ ಆದರೆ ನಾವೇ ಜವಾಬ್ದಾರರು" ಎಂದು ರೋಗಿಯ ಕಡೆಯವರಿಂದ ಬರೆಸಿಕೊಂಡು ಹೆಬ್ಬೆಟ್ಟು ಒತ್ತಿಸಿಕೊಳ್ಳುವುದನ್ನು ನಾನು ಕಂಡಿದ್ದೇನೆ. ಶಾಲೆಯ ಪ್ರವಾಸಕ್ಕೆ ಹೊರಟಾಗ ಅಪ್ಪನಿಂದ ಅದೇ ಧಾಟಿಯ ಚೀಟಿ ಬರೆಸಿಕೊಂಡು ಹೋಗದವರು ನಮ್ಮಲ್ಲಿ ಎಷ್ಟು ಜನ? ಒಂದೇ ಸಹಿಯಲ್ಲಿ ಒಪ್ಪಿಗೆಯೂ ಹೊಣೆಮುಕ್ತಿಯೂ ಬೆರೆತುಹೋಗುತ್ತಿದ್ದವು.

ಆಸ್ಪತ್ರೆಯಲ್ಲಿ ಬಾಗಿಲು ಮುಚ್ಚಿಸಿಕೊಂಡ ಹೊಣೆಮುಕ್ತಿ ಪತ್ರಕ್ಕೆ ಮೈದಾನದಲ್ಲಿ ಬಾಗಿಲು ತೆರೆದೇ ಇತ್ತು. ಶಸ್ತ್ರಚಿಕಿತ್ಸೆ ಅನಿವಾರ್ಯ, ಸ್ಕೀಯಿಂಗ್ ಅನಿವಾರ್ಯವಲ್ಲ; ಇಷ್ಟವಿಲ್ಲದವನು ಮನೆಯಲ್ಲಿರಬಹುದು ಎಂಬುದು ಸರಳ ತರ್ಕ. ವಯಸ್ಕರ ವಿಷಯದಲ್ಲಿ ಈ ತರ್ಕ ಬಹುತೇಕ ರಾಜ್ಯಗಳಲ್ಲಿ ಗೆದ್ದಿತು. ತೊಡಕು ಬಂದದ್ದು ಮಕ್ಕಳ ವಿಷಯದಲ್ಲಿ. ಭಾರತದಲ್ಲಿ ಅಪ್ರಾಪ್ತ ವಯಸ್ಕರು ಮಾಡಿಕೊಂಡ ಒಪ್ಪಂದ ಮೂಲತಃ ಶೂನ್ಯವೆಂದು ಪ್ರಿವಿ ಕೌನ್ಸಿಲ್ 1903ರಲ್ಲಿ, ಕಲ್ಕತ್ತೆಯ ಒಂದು ಅಡಮಾನದ ವ್ಯಾಜ್ಯದಲ್ಲಿ ತೀರ್ಮಾನಿಸಿತ್ತು; ಕಾನೂನು ಓದಿದವರಿಗೆಲ್ಲ ಅದು ಬಾಯಿಪಾಠ. ಅಮೆರಿಕದಲ್ಲಿ ಅಂಥ ಒಪ್ಪಂದ ಶೂನ್ಯವಲ್ಲ, ಆದರೆ ಮಗು ಬೇಕೆಂದಾಗ ಅದನ್ನು ತಳ್ಳಿಹಾಕಬಹುದು. ಹೀಗಾಗಿ ಮಗುವಿನ ಸಹಿಯಿಂದ ಸಂಘಟಕರಿಗೆ ಪ್ರಯೋಜನವಿಲ್ಲ. ಅವರು ಹೆತ್ತವರ ಸಹಿ ಕೇಳಿದರು.

ಇಲ್ಲಿ ಒಂದು ಸೂಕ್ಷ್ಮವಿದೆ. ಮಗುವಿಗೆ ಪೆಟ್ಟಾದಾಗ ಎರಡು ಬಗೆಯ ಹಕ್ಕುಗಳು ಹುಟ್ಟುತ್ತವೆ. ಚಿಕಿತ್ಸೆಯ ಖರ್ಚು ಮೊದಲಾದವು ಹೆತ್ತವರವು. ನೋವು, ಅಂಗವೈಕಲ್ಯ, ಮುಂದೆ ದುಡಿಯುವ ಶಕ್ತಿಯ ನಷ್ಟ ಇವು ಮಗುವಿನವು. ತಮ್ಮ ಹಕ್ಕನ್ನು ಹೆತ್ತವರು ಬಿಡಬಹುದು. ಮಗುವಿನ ಹಕ್ಕನ್ನು ಬಿಟ್ಟುಕೊಡಲು ಅವರು ಯಾರು? ಪೆಟ್ಟಾದ ನಂತರ ಮಗುವಿನ ಪರವಾಗಿ ರಾಜಿ ಮಾಡಿಕೊಳ್ಳಬೇಕಾದರೆ ಬಹುತೇಕ ರಾಜ್ಯಗಳಲ್ಲಿ ನ್ಯಾಯಾಲಯದ ಅನುಮತಿ ಬೇಕು. ಗಾಯ ಎಷ್ಟು, ಪರಿಹಾರ ಎಷ್ಟು ಎಂಬುದೆಲ್ಲ ಕಣ್ಣ ಮುಂದಿರುವಾಗಲೇ ತಂದೆತಾಯಿಯ ಮಾತೊಂದೇ ಸಾಲದು. ಹಾಗಿರುವಾಗ ಗಾಯವಾಗುವ ಮೊದಲೇ, ಏನಾಗಬಹುದೆಂದು ಯಾರಿಗೂ ತಿಳಿಯದಿರುವಾಗ, ಅದೇ ಹಕ್ಕನ್ನು ಅವರು ಒಂದು ಸಹಿಯಿಂದ ಅಳಿಸಬಹುದೇ? 1992ರಲ್ಲಿ ವಾಷಿಂಗ್ಟನ್ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಈ ಪ್ರಶ್ನೆಯನ್ನು ಎದುರಿಸಿತು. ಸ್ಕೀ ಸ್ಪರ್ಧೆಗೆ ತರಬೇತಿ ಪಡೆಯುತ್ತಿದ್ದ 12 ವರ್ಷದ ಹುಡುಗ ಬಳಕೆಯಲ್ಲಿರದ ಶೆಡ್ಡೊಂದಕ್ಕೆ ಬಡಿದು ತಲೆಗೆ ತೀವ್ರ ಪೆಟ್ಟು ಮಾಡಿಕೊಂಡಿದ್ದ. ತಾಯಿ ಅರ್ಜಿಗೆ ಸಹಿ ಹಾಕಿದ್ದರು. ಹೆತ್ತವರ ಹಕ್ಕು ಹೋಯಿತು, ಹುಡುಗನ ಹಕ್ಕು ಹೋಗಲಿಲ್ಲ ಎಂದು ನ್ಯಾಯಾಲಯ ಹೇಳಿತು.

ಇನ್ನು ನಮ್ಮ ರಾಜ್ಯಕ್ಕೆ ಬರೋಣ. ಕ್ಲೀವ್‌ಲೆಂಡಿನಿಂದ ಈಶಾನ್ಯಕ್ಕೆ, ಈರಿ ಸರೋವರದ ದಂಡೆಯಲ್ಲಿ ಮೆಂಟರ್ ಎಂಬ ಊರಿದೆ. 1995ರ ಮೇ ತಿಂಗಳಲ್ಲಿ ತಾಯಿಯೊಬ್ಬರು ತಮ್ಮ 7 ವರ್ಷದ ಮಗನನ್ನು ಆ ಊರಿನ ಸಾಕರ್ ಕ್ಲಬ್ಬಿಗೆ ಸೇರಿಸಿ, ನೋಂದಣಿ ಅರ್ಜಿಯಲ್ಲಿದ್ದ ಹೊಣೆಮುಕ್ತಿಗೆ ಸಹಿ ಹಾಕಿದರು. ಕ್ಲಬ್ಬು ಲಾಭರಹಿತವಾದದ್ದು, ನಡೆಸುತ್ತಿದ್ದವರು ನಮ್ಮಂತೆಯೇ ಸ್ವಯಂಸೇವಕರು. ಅಕ್ಟೋಬರಿನಲ್ಲಿ ಒಂದು ದಿನ ಅಭ್ಯಾಸ ಪಂದ್ಯವಿತ್ತು. ತಂದೆಯೂ ಮೈದಾನದಲ್ಲಿದ್ದರು. ಹುಡುಗನ ತಂಡ ಗೆದ್ದಿತು. ಗೆದ್ದ ಸಂತೋಷಕ್ಕೆ ಆತ ಗೋಲು ಕಂಬದತ್ತ ಓಡಿ, ಬಲೆಯನ್ನು ಹಿಡಿದು ಜೋತಾಡಿದ. ಆ ಗೋಲು ನೆಲಕ್ಕೆ ಬಿಗಿದದ್ದಾಗಿರಲಿಲ್ಲ. ಅದು ಮಗುಚಿ ಆತನ ಎದೆಯ ಮೇಲೆ ಬಿತ್ತು. 3 ಪಕ್ಕೆಲುಬುಗಳು ಮತ್ತು ಕೊರಳೆಲುಬು ಮುರಿದವು, ಶ್ವಾಸಕೋಶಗಳು ಜಜ್ಜಿಹೋದವು.

ಈ ವರದಿಯನ್ನು ವೈದ್ಯನಾಗಿ ಓದುವಾಗ ಕಣ್ಣು ಒಂದು ಕಡೆ ನಿಲ್ಲುತ್ತದೆ. 7 ವರ್ಷದ ಮಗುವಿನ ಪಕ್ಕೆಲುಬು ಹಸಿ ಬಿದಿರಿನಂತೆ ಬಾಗುತ್ತದೆ, ಸುಲಭಕ್ಕೆ ಮುರಿಯದು. ಹೊರಗೆ ಮೂಳೆ ಮುರಿಯದಿದ್ದರೂ ಒಳಗೆ ಶ್ವಾಸಕೋಶ ಜಜ್ಜಿರುವುದನ್ನು ನಾವು ಮಕ್ಕಳಲ್ಲಿ ಕಾಣುತ್ತೇವೆ. ಅಂಥ ಎದೆಯಲ್ಲಿ ಮೂರು ಎಲುಬು ಮುರಿದಿವೆಯೆಂದರೆ ಬಿದ್ದ ಭಾರ ಎಷ್ಟಿರಬೇಕು ಎಂಬುದನ್ನು ಊಹಿಸಿಕೊಳ್ಳಬೇಕು. ಕದಲಿಸಬಹುದಾದ ಗೋಲುಗಳ ಸುರಕ್ಷತೆಯ ಬಗ್ಗೆ ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗವು ಮಾರ್ಗಸೂಚಿ ಹೊರಡಿಸಿದ್ದು ಅದೇ 1995ರ ಜನವರಿಯಲ್ಲಿ. 1979ರಿಂದ ಅಲ್ಲಿಯವರೆಗೆ ಗೋಲು ಮಗುಚಿ 20ಕ್ಕೂ ಹೆಚ್ಚು ಜನ ಸತ್ತಿದ್ದರು. ಗೋಲನ್ನು ನೆಲಕ್ಕೆ ಬಿಗಿಯಿರಿ ಅಥವಾ ಹಿಂಬದಿಗೆ ಭಾರ ಹೇರಿರಿ, ಮಕ್ಕಳು ಅದರ ಮೇಲೆ ಹತ್ತಲು ಬಿಡಬೇಡಿ, ಆಟವಿಲ್ಲದಾಗ ಒಂದಕ್ಕೊಂದು ಸರಪಳಿ ಹಾಕಿಡಿ ಎಂಬುದೇ ಆ ಮಾರ್ಗಸೂಚಿಯ ತಿರುಳು. ನಾಲ್ಕು ಗೂಟ, ಒಂದು ಸುತ್ತಿಗೆ, ಹತ್ತು ನಿಮಿಷದ ಕೆಲಸ.

ಮೊಕದ್ದಮೆ ಒಹಾಯೊದ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. 1998ರಲ್ಲಿ ತೀರ್ಪು ಬಂದಿತು: ಲಾಭರಹಿತ ಕ್ರೀಡಾ ಚಟುವಟಿಕೆಗಳ ಸ್ವಯಂಸೇವಕರು ಮತ್ತು ಪ್ರಾಯೋಜಕರ ಪರವಾಗಿ ತಂದೆತಾಯಿ ಹಾಕಿದ ಸಹಿ ಮಗುವನ್ನೂ ಬಂಧಿಸುತ್ತದೆ. ಹುಡುಗನ ಹಕ್ಕೂ ಹೋಯಿತು. ವಾಷಿಂಗ್ಟನ್ನಿಗೆ ಇದು ನೇರ ವಿರುದ್ಧ. ನ್ಯಾಯಾಲಯದ ಕಾರಣಗಳನ್ನು ಅಲ್ಲಗಳೆಯುವುದು ಸುಲಭವಲ್ಲ. ಊರ ಮಕ್ಕಳ ಆಟ ನಡೆಯುವುದು ಸಂಬಳವಿಲ್ಲದೆ ದುಡಿಯುವವರಿಂದ. ಮೊಕದ್ದಮೆಯ ಭಯ ಮತ್ತು ವಿಮೆಯ ವೆಚ್ಚ ಅವರನ್ನು ಓಡಿಸಿದರೆ ಆಟವೇ ನಿಲ್ಲುತ್ತದೆ. ಮಗುವಿಗೆ ಯಾವುದು ಒಳಿತು, ಯಾವ ಅಪಾಯ ಸಹ್ಯ ಎಂದು ತೀರ್ಮಾನಿಸುವ ಅಧಿಕಾರ ಹೆತ್ತವರದು. ಇಂಥ ಭಯ ಕೇವಲ ಕಲ್ಪನೆಯಾಗಿರಲಿಲ್ಲ. ಸ್ವಯಂಸೇವಕ ತರಬೇತುದಾರರನ್ನು ರಕ್ಷಿಸಲು ನ್ಯೂ ಜೆರ್ಸಿ 1986ರಲ್ಲೇ ಶಾಸನ ಮಾಡಿತ್ತು. 1997ರಲ್ಲಿ ಕೇಂದ್ರ ಸರ್ಕಾರವೂ ಸ್ವಯಂಸೇವಕ ಸಂರಕ್ಷಣಾ ಕಾಯ್ದೆಯನ್ನು ತಂದಿತು. ಆದರೆ ಆ ಕಾಯ್ದೆ ರಕ್ಷಿಸುವುದು ಸ್ವಯಂಸೇವಕನನ್ನು, ಸಂಸ್ಥೆಯನ್ನಲ್ಲ. ಅದರಲ್ಲೂ ಸಾಮಾನ್ಯ ನಿರ್ಲಕ್ಷ್ಯಕ್ಕೆ ಮಾತ್ರ, ಘೋರ ನಿರ್ಲಕ್ಷ್ಯಕ್ಕಲ್ಲ. ಮೆಂಟರ್ ತೀರ್ಪಿನ ನೆರಳೂ ಸಾಮಾನ್ಯ ನಿರ್ಲಕ್ಷ್ಯದಾಚೆಗೆ ಚಾಚುವುದಿಲ್ಲ.

ಈಗ 1984 ಎಂಬ ವರ್ಷವನ್ನು ನೆನೆಯಬೇಕು. ಧರ್ಮಾರ್ಥ ಸಂಸ್ಥೆಯೂ ತನ್ನ ತಪ್ಪಿಗೆ ಹೊಣೆಯಾಗಬೇಕು ಎಂದು ಹೇಳಿದ ಅದೇ ನ್ಯಾಯಾಲಯ, 14 ವರ್ಷಗಳ ನಂತರ, ಸಹಿಯೊಂದಿದ್ದರೆ ಆಗಬೇಕಿಲ್ಲ ಎಂದಿತು. ಮುಂಬಾಗಿಲಿನಿಂದ ಹೊರಗೆ ಕಳುಹಿಸಿದ ರಕ್ಷಣೆ ಹಿತ್ತಿಲ ಬಾಗಿಲಿನಿಂದ ಒಳಗೆ ಬಂದಿತು ಎಂದೇ ನನ್ನ ಅನಿಸಿಕೆ. ತೀರ್ಪು ತಪ್ಪೆಂದು ಹೇಳುವ ಧೈರ್ಯ ನನಗಿಲ್ಲ. ನಮ್ಮಂಥ ಸಂಘಗಳು ಇಲ್ಲಿ ನಿಶ್ಚಿಂತೆಯಿಂದ ಕ್ರೀಡೋತ್ಸವ ನಡೆಸುವುದು ಒಂದು ಮಟ್ಟಿಗೆ ಅದರ ಕೃಪೆಯಿಂದಲೇ. ಆದರೆ ಲೆಕ್ಕವನ್ನು ಪೂರ್ತಿಯಾಗಿ ನೋಡಬೇಕು. ಮುರಿದ ಎಲುಬಿನ ಭಾರ ತೀರ್ಪಿನಿಂದ ಮಾಯವಾಗಲಿಲ್ಲ. ಅದು ಕ್ಲಬ್ಬಿನ ಮೇಲಿಂದ ಇಳಿದು ಆ ಮನೆಯ ಮೇಲೆ ಕುಳಿತಿತು. ಮೊಕದ್ದಮೆಯ ಹೆದರಿಕೆಯಿಂದ ಸಂಘಟಕರು ಮಾಡಬಹುದಾಗಿದ್ದ ಎಚ್ಚರಿಕೆಯ ಕೆಲಸವನ್ನು ಈ ರಾಜ್ಯದಲ್ಲಿ ಹೆದರಿಕೆಯಿಲ್ಲದೆಯೇ ಮಾಡಬೇಕಾಗಿದೆ.

ಉಳಿದ ರಾಜ್ಯಗಳ ಕಥೆಯನ್ನು ಬೇಗ ಹೇಳಿ ಮುಗಿಸುತ್ತೇನೆ. ಬೇಸಿಗೆ ಶಿಬಿರಗಳಿಗೆ ಮಕ್ಕಳನ್ನು ದೂರ ಕಳುಹಿಸುವವರಿಗೆ ಇದು ಉಪಯೋಗಕ್ಕೆ ಬಂದೀತು. ಮ್ಯಾಸಚೂಸೆಟ್ಸ್ 2002ರಲ್ಲಿ ಶಾಲೆಯ ಚಿಯರ್‌ಲೀಡಿಂಗ್ ಅಭ್ಯಾಸದಲ್ಲಿ ಗಾಯಗೊಂಡ ಹುಡುಗಿಯ ಮೊಕದ್ದಮೆಯಲ್ಲಿ ತಂದೆಯ ಸಹಿಯನ್ನು ಎತ್ತಿಹಿಡಿದು ಒಹಾಯೊದ ಜೊತೆ ನಿಂತಿತು. ಯೂಟಾ 2001ರಲ್ಲಿ, ಕುದುರೆಯಿಂದ ಬಿದ್ದ 11 ವರ್ಷದ ಹುಡುಗಿಯ ಪರವಾಗಿ, ತಾಯಿಯ ಸಹಿ ನಡೆಯದೆಂದಿತು. ಕೊಲರಾಡೊದ್ದು ಎಲ್ಲಕ್ಕಿಂತ ಕುತೂಹಲಕರ. ಆಸ್ಪೆನ್ನಿನಲ್ಲಿ ಸ್ಕೀ ಅಭ್ಯಾಸದ ವೇಳೆ ಮರಕ್ಕೆ ಬಡಿದು ಕಣ್ಣು ಕಳೆದುಕೊಂಡ 17 ವರ್ಷದ ತರುಣನ ಹಕ್ಕನ್ನು ತಾಯಿಯ ಸಹಿ ಕಸಿಯದು ಎಂದು 2002ರಲ್ಲಿ ನ್ಯಾಯಾಲಯ ಹೇಳಿತು; ಮರುವರ್ಷವೇ ಶಾಸನಸಭೆ ಕಾಯ್ದೆ ಮಾಡಿ ಅದನ್ನು ಬದಲಿಸಿತು. ಫ್ಲಾರಿಡಾದಲ್ಲಿ, ವಾಣಿಜ್ಯ ಮೋಟಾರು ಉದ್ಯಾನವೊಂದರಲ್ಲಿ 14 ವರ್ಷದ ಹುಡುಗ ಸತ್ತ ಪ್ರಕರಣದ ನಂತರ 2008ರ ತೀರ್ಪು, 2010ರ ಕಾಯ್ದೆ. ಪಕ್ಕದ ಮಿಷಿಗನ್‌ನಲ್ಲಿ ಹುಟ್ಟುಹಬ್ಬದ ಪಾರ್ಟಿಯಲ್ಲಿ ಗಾಳಿ ತುಂಬಿದ ಜಾರುಬಂಡೆಯಿಂದ ಜಿಗಿದು ಕಾಲು ಮುರಿದುಕೊಂಡ 5 ವರ್ಷದ ಮಗುವಿನ ಪ್ರಕರಣ: 2010ರಲ್ಲಿ ತೀರ್ಪು ಮಗುವಿನ ಪರ, 2011ರಲ್ಲಿ ಕಾಯ್ದೆ ಸಂಘಟಕರ ಪರ. ಫ್ಲಾರಿಡಾ ಮತ್ತು ಮಿಷಿಗನ್‌ನ ಕಾಯ್ದೆಗಳು ಆಟದಲ್ಲಿ ಸಹಜವಾಗಿಯೇ ಇರುವ ಅಪಾಯಗಳ ಕುರಿತಾದವು ಎಂಬುದನ್ನು ಗಮನಿಸಬೇಕು. ನ್ಯಾಯಾಧೀಶರು ಗಾಯಗೊಂಡ ಒಂದು ಮಗುವಿನ ಮುಖ ನೋಡಿ ಬರೆಯುತ್ತಾರೆ; ಶಾಸಕರು ಬಾಗಿಲು ಮುಚ್ಚುವೆನೆಂದು ಬಂದ ಸಂಸ್ಥೆಗಳ ಮಾತು ಕೇಳಿ ಬರೆಯುತ್ತಾರೆ. ಎರಡೂ ನಿಜವಾದ ಕಷ್ಟಗಳೇ.

ಲಂಡನ್, ಮಾಂಟ್ರಿಯಾಲ್‌ಗಳಲ್ಲಿರುವ ನಮ್ಮ ಬಂಧುಗಳಿಗೆ ಈ ಜಗಳವೇ ಅಪರಿಚಿತ. ಬ್ರಿಟನ್ನಿನಲ್ಲಿ ನಿರ್ಲಕ್ಷ್ಯದಿಂದಾದ ಸಾವು ಅಥವಾ ಗಾಯದ ಹೊಣೆಯಿಂದ ಯಾವ ಒಪ್ಪಂದದ ಮೂಲಕವೂ ತಪ್ಪಿಸಿಕೊಳ್ಳುವಂತಿಲ್ಲ ಎಂದು 1977ರ ಕಾಯ್ದೆ ಹೇಳಿಬಿಟ್ಟಿದೆ. ಅದು ವಯಸ್ಕರಿಗೂ ಅನ್ವಯ. ಕ್ವಿಬೆಕ್‌ನ ನಾಗರಿಕ ಸಂಹಿತೆಯದೂ ಅದೇ ಮಾತು. ಅಲ್ಲಿ ಮಕ್ಕಳ ಫುಟ್‌ಬಾಲು ನಿಂತುಹೋಗಿಲ್ಲ ಎಂಬುದನ್ನೂ ಹೇಳಬೇಕು. ಆದರೆ ಅಲ್ಲಿ ಮುರಿದ ಕಾಲಿನ ಚಿಕಿತ್ಸೆಗೆ ಮನೆ ಅಡವಿಡಬೇಕಾದ ಪ್ರಸಂಗವೂ ಇಲ್ಲ. ಚಿಕಿತ್ಸೆಯ ಖರ್ಚು ಕುಟುಂಬದ ತಲೆಯ ಮೇಲಿರುವ ದೇಶದಲ್ಲಿ ಮೊಕದ್ದಮೆ ಹೂಡುವವರೆಲ್ಲ ದುರಾಸೆಯವರಲ್ಲ.

ಈಚೆಗೆ ಮೈದಾನದಲ್ಲಿ ಇನ್ನೊಂದು ಬಗೆಯ ಸಹಿ ಕಾಣಿಸಿಕೊಂಡಿದೆ. 2006ರಲ್ಲಿ ವಾಷಿಂಗ್ಟನ್ ರಾಜ್ಯದ 13 ವರ್ಷದ ಫುಟ್‌ಬಾಲ್ ಆಟಗಾರ ಜ್ಯಾಕರಿ ಲಿಸ್ಟೆಡ್ ತಲೆಗೆ ಪೆಟ್ಟಾದ ಮೇಲೂ ಅದೇ ಆಟಕ್ಕೆ ಮರಳಿ, ಮೆದುಳಿನ ರಕ್ತಸ್ರಾವದಿಂದ ಸಾವಿನಂಚಿಗೆ ಹೋಗಿ ಬಂದ. 2009ರಲ್ಲಿ ಆತನ ಹೆಸರಿನಲ್ಲೇ ಕಾಯ್ದೆಯಾಯಿತು. ಮೆದುಳಿನ ಆಘಾತದ ಲಕ್ಷಣಗಳನ್ನು ವಿವರಿಸುವ ಪತ್ರವನ್ನು ಮಗುವೂ ಹೆತ್ತವರೂ ಪ್ರತಿವರ್ಷ ಓದಿ ಸಹಿ ಹಾಕಬೇಕು. ಅನುಮಾನ ಬಂದ ಕೂಡಲೆ ಮಗುವನ್ನು ಆಟದಿಂದ ಹೊರತರಬೇಕು. 2014ರ ಹೊತ್ತಿಗೆ 50 ರಾಜ್ಯಗಳಲ್ಲೂ ಇಂಥ ಕಾಯ್ದೆ ಬಂದಿತು. ಒಹಾಯೊದಲ್ಲಿ ಇದು 2013ರಿಂದ ಜಾರಿಯಲ್ಲಿದೆ: ಲಕ್ಷಣ ಕಂಡ ಮಗು ಅದೇ ದಿನ ಮತ್ತೆ ಆಡುವಂತಿಲ್ಲ. 2017ರಲ್ಲಿ ಬಂದ ಲಿಂಡ್ಸೇ ಕಾಯ್ದೆ ಹಠಾತ್ ಹೃದಯಸ್ತಂಭನದ ಬಗ್ಗೆ. ಆಡುವಾಗ ಮೂರ್ಛೆ ಹೋದ ಮಗುವನ್ನು ವೈದ್ಯಕೀಯ ಪರೀಕ್ಷೆಯಾಗದೆ ಮೈದಾನಕ್ಕೆ ಬಿಡುವಂತಿಲ್ಲ. ಮನೆತನದಲ್ಲಿ ಚಿಕ್ಕ ವಯಸ್ಸಿನಲ್ಲೇ ಹೃದಯದ ತೊಂದರೆಯಿಂದ ಯಾರಾದರೂ ತೀರಿಕೊಂಡಿದ್ದರೆ ಅದನ್ನು ಹೇಳಬೇಕು. ನಮ್ಮ ಮನೆಗಳಲ್ಲಿ "ಚಿಕ್ಕಪ್ಪ ನಿದ್ದೆಯಲ್ಲೇ ಹೋಗಿಬಿಟ್ಟರು" ಎಂದು ಪಿಸುಮಾತಿನಲ್ಲಿ ಹೇಳಿ ಮರೆಯುವ ಸಂಗತಿಗೆ ಈ ನಮೂನೆಯಲ್ಲಿ ಒಂದು ಜಾಗವಿದೆ.

1957ರಲ್ಲಿ ಆಸ್ಪತ್ರೆಯಲ್ಲಿ ಹೆಸರು ಪಡೆದ 'ಅರಿತು ನೀಡುವ ಒಪ್ಪಿಗೆ' ಹೀಗೆ ಅರ್ಧ ಶತಮಾನದ ನಂತರ ಮೈದಾನಕ್ಕೆ ಬಂದಿದೆ. ಹೊಣೆಮುಕ್ತಿ ಪತ್ರದ ಸಹಿಯನ್ನು ಹುಡುಕುವುದು ಪೆಟ್ಟಾದ ಮೇಲೆ, ವಕೀಲರ ಕಚೇರಿಯಲ್ಲಿ. ಈ ಸಹಿ ಕೆಲಸಕ್ಕೆ ಬರುವುದು ಪೆಟ್ಟಾಗುವ ಮೊದಲು, ಇಲ್ಲವೇ ಆದ ಐದನೆಯ ನಿಮಿಷದಲ್ಲಿ.

ಈ ವರ್ಷದ ಅರ್ಜಿಯ ಕರಡು ಕಾರ್ಯಕಾರಿ ಸಮಿತಿಯ ಮುಂದಿದೆ. ಎರಡು ಸಹಿಗಳನ್ನು ಒಂದೇ ಹಾಳೆಯ ಅಡಿಯಲ್ಲಿ ತುರುಕದೆ ಬೇರೆ ಬೇರೆ ಹಾಳೆಗಳಲ್ಲಿ ಅಚ್ಚು ಹಾಕಿಸಬೇಕೆಂದೂ, ಆರೋಗ್ಯದ ಹಾಳೆಯನ್ನು ಕನ್ನಡದಲ್ಲಿಯೂ ಕೊಡಬೇಕೆಂದೂ ಕೇಳಿದ್ದೇನೆ. ಬೇಸಿಗೆಯಲ್ಲಿ ಮೊಮ್ಮಕ್ಕಳನ್ನು ಮೈದಾನಕ್ಕೆ ಕರೆತರುವವರು ಬಹುಪಾಲು ಅಜ್ಜ ಅಜ್ಜಿಯರು. ಮಗುವಿಗೆ ಆಸ್ತಮಾ ಇದೆಯೇ, ಯಾವುದರ ಅಲರ್ಜಿ ಇದೆ ಎಂಬುದು ಅವರ ಕೈಯಲ್ಲಿಯೂ ಇರಬೇಕು. ಗೋಲು ಕಂಬಗಳನ್ನು ಬಿಗಿಯುವ ಕೆಲಸಕ್ಕೆ ಬೆಳಿಗ್ಗೆ 7 ಗಂಟೆಗೆ ಇಬ್ಬರು ಬೇಕಾಗಿದ್ದಾರೆ. ಮರಳಿನ ಚೀಲಗಳು ಸಂಘದ ಉಗ್ರಾಣದಲ್ಲಿವೆ. ಸುತ್ತಿಗೆಯನ್ನು ನಾನೇ ತರುತ್ತೇನೆ.